ಹಿಸ್ಟರಿ ತೆಗೆದಾರ!

(ಖಟಕ ಚಿಂಚೋಳಿಯ ಚಹಾದಂಗಡಿ. ಬೆಂಚಿನ ಮ್ಯಾಲ ಕೂಡಲಿಕ್ಕ ಜಾಗ ಇಲ್ಲ, ಲ್ಯಾಪ್‌ಟಾಪಿಗೆ ಅದ.)

ಕಾಕಾ: ಯಾಕೋ ತಮ್ಮಾ, ಕಣ್ಣು ಕೆಂಪಗ?

ತಮ್ಮ: ವೆಬ್‌ಸೈಟಿನ್ಯಾಗ ಪುಟದಿಂದ ಪುಟಕ್ಕ ಒಯ್ಯೋ ರಿಯಾಕ್ಟ್ ರೂಟರ್ 5 ಇತ್ರಿ, 6 ಮಾಡ್ದೆ. ‘ಸ್ವಿಚ್’ ತೆಗೆದು ಒಗದಾರ.

ಕಾಕಾ: ನಮ್ಮನ್ಯಾಗ ಸ್ವಿಚ್ ಅದ, ಕರೆಂಟ್ ಇಲ್ಲ.

ತಮ್ಮ: ‘ಯೂಸ್‌ಹಿಸ್ಟರಿ’ನೂ ಹೋಯ್ತು. ಈಗ ‘ಯೂಸ್‌ನ್ಯಾವಿಗೇಟ್’.

ಕಾಕಾ: ಹಿಸ್ಟರಿ ಅಳಿಸಿ ದಾರಿ ತೋರಸ್ತಾರ? ಎಲೆಕ್ಷನ್ ಬಂತೇನು?

ತಮ್ಮ: ‘ಎಕ್ಸಾಕ್ಟ್’ ಸುದ್ದಾ ಬ್ಯಾಡಂತ.

ಕಾಕಾ: ಭಾಲ್ಕಿ ಬಸ್ಸಿಗೆ ಅದು ಮೊದಲಿಂದ್ಲೂ ಬ್ಯಾಡ. ಅಲ್ಲಾ, ಹಳೇದು ನಡೀತಿರಲಿಲ್ಲೇನು?

ತಮ್ಮ: ಮಸ್ತ್ ನಡೀತಿತ್ತ್ರಿ!

ಕಾಕಾ: ಮತ್ತ, ಹೊಸಾದ್ರಾಗ ಗಿರಾಕಿಗೆ ಏನು ಕಾಣ್ತದ?

ತಮ್ಮ: ಏನೂ ಕಾಣಬಾರದ್ರಿ. ಮೊದಲಿನಂಗೇ ಕಂಡ್ರ ಗೆದ್ದಂಗ.

ಕಾಕಾ: 6 ಯಾವಾಗ ಬಂದದ?

ತಮ್ಮ: 2021ರಾಗ. 2024ರಾಗ 7 ಬಂದದ.

ಕಾಕಾ: ಏ, ಇವಗ ಇನ್ನೊಂದು ಚಹಾ ಕೊಡು. ಹಳೇ ವರ್ಷನ್ನಿಂದೇ ಕೊಡು!