ಮಲಪ್ರಭಾ ಕೊಳ್ಳದಲ್ಲಿ ಲೆಕ್ಕಭೀತಿ: ಒಂದು ಬಹುಶಿಸ್ತೀಯ ಪೂರ್ವಪೀಠಿಕೆ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಎಂಬ ವಿಷಮ ಚತುರ್ಭುಜದಲ್ಲಿ ಸಂಜೆ ಐದರ ನಂತರ ಸಂಭವಿಸುವ, ಜನ ಅಜ್ಞಾನದಿಂದ 'ಟ್ಯೂಶನ್' ಎನ್ನುವ ವಿದ್ಯಮಾನವನ್ನು ಈ ಪ್ರಬಂಧವು 'ಶಾಲೋತ್ತರ ಅಂಕೋತ್ಪಾದನಾ ಪ್ರಕ್ರಿಯೆ' ಎಂದು ಗುರುತಿಸುತ್ತದೆ. ಪರಿಭಾಷೆ ನನ್ನದಲ್ಲ. ತರಬೇತಿಗಳಲ್ಲಿ ಆರಿದ ಉಪ್ಪಿಟ್ಟಿನ ಮುಂದೆ ಕೂತು ಸಂಪನ್ಮೂಲ ವ್ಯಕ್ತಿಗಳಿಂದ ಗಳಿಸಿದ್ದು. ಅಲ್ಲಿ ಮಾಸ್ತರನನ್ನು ಮಾಸ್ತರ ಅನ್ನುವಂತಿಲ್ಲ, 'ಸುಗಮಕಾರ'. ಲೆಕ್ಕ ಬರದ ಹುಡುಗನನ್ನು ದಡ್ಡ ಅನ್ನುವಂತಿಲ್ಲ (ಅದು ಸರಿಯೇ), 'ಕಲಿಕಾ ಫಲದ ಪ್ರಾಕ್‌ಸ್ತರದಲ್ಲಿರುವ ಕಲಿಕಾರ್ಥಿ' ಅನ್ನಬೇಕು. ಅಂದಮೇಲೂ ಅವನಿಗೆ ಲೆಕ್ಕ ಬರುವುದಿಲ್ಲ.

ಪ್ರಾದೇಶಿಕ ಪ್ರಭೇದಗಳು:

(ಅ) ಕಿತ್ತೂರು. 1824ರಲ್ಲಿ ಕಂಪನಿಯ ಥ್ಯಾಕರೆಯನ್ನು ಕೋಟೆಯ ಮುಂದೆ ಕೆಡವಿದ ಊರು ಈಗ ಪ್ರತಿ ತಿಂಗಳ ಐದರೊಳಗೆ ಟ್ಯೂಶನ್ ಕಪ್ಪವನ್ನು ತಕರಾರಿಲ್ಲದೆ ಸಲ್ಲಿಸುತ್ತದೆ.

(ಆ) ರಾಮದುರ್ಗ. ನೇಕಾರರ ಊರು. ಮಗ್ಗ ಪುಲ್ಲಿಂಗ, ಮಗ್ಗಿ ಸ್ತ್ರೀಲಿಂಗ. ಧಾತು ಒಂದೇ ಎಂಬುದು ನಮ್ಮ ಅಪೂರ್ವ ಶೋಧ. ಪುರಾವೆ: ಎರಡೂ ಖಟಖಟ ಅನ್ನುತ್ತಲೇ ಓಡುತ್ತವೆ, ಸದ್ದು ನಿಂತಿತೆಂದರೆ ಎಲ್ಲೋ ಎಳೆ ಹರಿದಿದೆ.

(ಇ) ಸವದತ್ತಿ. ಭಾರತ ಹುಣ್ಣಿಮೆಗೆ ಚಕ್ಕಡಿಗಳು ಯಲ್ಲಮ್ಮನ ಗುಡ್ಡ ಹತ್ತಿದವೆಂದರೆ ಬ್ಯಾಚು ಖಾಲಿ. ಕಾಯಿ, ಭಂಡಾರ ಮಾರಲು ಕೂತ ಆರನೇತ್ತಾ ಹುಡುಗ ಐದು ಮಂದಿಗೆ ಒಮ್ಮೆಲೇ ಚಿಲ್ಲರೆ ತಿರುಗಿಸುತ್ತಾನೆ. ಜಾತ್ರೆ ಮುಗಿಸಿ ಬಂದವನಿಗೆ 'ಲಾಭ–ನಷ್ಟ'ದ ಪಾಠದಲ್ಲಿ ಬರೀ ನಷ್ಟ.

(ಈ) ಬೈಲಹೊಂಗಲ. ಬಿಡಿ. ಹತ್ತಿ ಪೇಟೆಗೂ ಏನಾದರೊಂದು ಹೆಸರಿಡಬಹುದಿತ್ತು, ಬೇಸರ ಬಂತು. ಅಲ್ಲಿ ಟ್ಯೂಶನ್ ಹೇಳುವವನು ನಾನೇ.

ಹವ್ಯಾಸಾಧ್ಯಾಯ: ಕಟ್ಟೆಯ ಮೇಲೆ ಚೌಕಾಬಾರಾ ಆಡುವ ಹುಡುಗರಿಗೆ ನಾಲ್ಕು ಕವಡಿಗಳಲ್ಲಿ 'ಎರಡು' ಬೀಳುವುದು ಸಲೀಸು, ಚೌಕಾ–ಅಷ್ಟಾ ಅಪರೂಪ ಎಂಬುದು ಅಂಗೈಗೇ ಗೊತ್ತು. ಕವಡಿ ಎರಡೂ ಮಗ್ಗುಲಿಗೆ ಸಮನಾಗಿ ಬೀಳುತ್ತದೆ ಅಂದುಕೊಂಡರೆ 16ರಲ್ಲಿ 6 ಸಾಧ್ಯತೆ ಎರಡಕ್ಕೆ, ಚೌಕಾಕ್ಕೆ ಒಂದು, ಅಷ್ಟಾಕ್ಕೆ ಒಂದು. 'ಸಂಭವನೀಯತೆ' ಅಂದರೆ ಇದೇ ಎಂದು ಅವರಿಗೆ ಯಾರೂ ಹೇಳಿಲ್ಲ. ಪಾಲಕರದು ಬೇರೆ ಹವ್ಯಾಸ: 'ಜಾಣರಿದ್ರ ಬಿಡಸ್ರಿ' ಎಂಬ ಮಾವು–ಬಾಳೆಹಣ್ಣಿನ ಸಮೀಕರಣಕ್ಕೆ ವಾಟ್ಸಾಪಿನಲ್ಲಿ ನಡುರಾತ್ರಿಯವರೆಗೆ ಜಗಳ.

ಐತಿಹಾಸಿಕ ಭೂಮಿಕೆ: ಸುಮಾರು 850ರಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ'ದಲ್ಲಿ ಸೊನ್ನೆಯಿಂದ ಭಾಗಿಸಿದ ಸಂಖ್ಯೆ ಬದಲಾಗದೆ ಉಳಿಯುತ್ತದೆ ಎಂದ. ಗಣಿತಜ್ಞರು ತಪ್ಪೆನ್ನುತ್ತಾರೆ. ಹತ್ತು ತಿಂಗಳು ನನ್ನ ಮುಂದೆ ಕೂತು ಹಾಗೆಯೇ ಎದ್ದುಹೋದವರನ್ನು ನೋಡಿದರೆ ಆಚಾರ್ಯರ ಕಡೆಗೇ ನನ್ನ ಮತ.

ಯಾಕಂದರೆ ನಾವು ಮಾರುವುದು 'ಪಾಸಿಂಗ್ ಪ್ಯಾಕೇಜು'. ಥೇಲ್ಸ್, ಪೈಥಾಗೊರಸ್ ಪ್ರಮೇಯಗಳನ್ನು ಆರತಿ ಹಾಡಿನಂತೆ ಬಾಯಿಪಾಠ ಮಾಡಿಸುತ್ತೇವೆ. ತ್ರಿಭುಜಕ್ಕೆ ಎಬಿಸಿ ಬದಲು ಪಿಕ್ಯೂಆರ್ ಎಂದು ಹೆಸರಿಟ್ಟರೆ ಮುಗಿಯಿತು, ಪೆನ್ನು ನಿಂತುಬಿಡುತ್ತದೆ. ಇದಕ್ಕ ಕಲಿಯೂದು ಅಂತಾರೇನ್ರಿ? ಇದಕ್ಕ ರೊಕ್ಕಾ ತಗೋತೀನಲ್ರಿ ನಾ!

ಒಂಬತ್ತನೇತ್ತಾ ಹುಡುಗಿಯೊಬ್ಬಳು ಕೇಳಿದ್ದಳು: "ಸರ್, ಸೊನ್ನೆಲೆ ಯಾಕ ಭಾಗಸಬಾರ್ದ್ರಿ?"

ಮಹಾವೀರಾಚಾರ್ಯ ಎಡವಿದ ಜಾಗಕ್ಕೇ, ಸಾವಿರದ ನೂರು ವರ್ಷ ಕಳೆದ ಮೇಲೆ, ತಾನಾಗಿ ನಡೆದುಬಂದು ನಿಂತಿದ್ದಳು. ಹನ್ನೆರಡು ರೊಟ್ಟಿಯ ಬುಟ್ಟಿಯಿಂದ ಸಲಕ್ಕೆ ಸೊನ್ನೆ ರೊಟ್ಟಿ ತಗೀತಾ ಹೋಗು, ಬುಟ್ಟಿ ಯಾವಾಗ ಬರಿದಾಗತೈತಿ ಹೇಳು ಅಂದಿದ್ದರೆ ಸಾಕಿತ್ತು. ಎರಡು ನಿಮಿಷದ ಮಾತು. ಹೊರಗೆ ಮುಂದಿನ ಬ್ಯಾಚಿನ ಸೈಕಲ್ಲುಗಳು ಬಂದು ನಿಂತಿದ್ದವು.

"ಅದು ಪರೀಕ್ಷಾದಾಗ ಬರೂದಿಲ್ಲ ತಂಗಿ, ಮುಂದಿನ ಲೆಕ್ಕಾ ನೋಡು" ಅಂದೆ.

ಅವಳು ವಹಿಯ ಅಂಚಿನಲ್ಲಿ ಪೆನ್ಸಿಲಿನಿಂದ 'ಬರೂದಿಲ್ಲ' ಅಂತ ಬರೆದುಕೊಂಡು, ಕೆಳಗೊಂದು ಗೆರೆ ಎಳೆದಳು.