ತವರು ಬದಲಿಸಿದ ಧಣಿ

(ಕೋಪರಖೈರಣೆಯ ಒಂದು ಹೋಟೆಲಿನ ಗಲ್ಲಾ. ಟಿ.ವಿ.ಯಲ್ಲಿ ಐಪಿಎಲ್.)

ಮಾಸ್ಟ್ರು: ಶೆಟ್ರೇ, 2010ರಲ್ಲಿ ಡೆಕ್ಕನ್ ಚಾರ್ಜರ್ಸ್ ನಮ್ಮ ನೆರುಳಿಗೇ ಬಂದದ್ದು ನೆನಪುಂಟಾ?

ಶೆಟ್ರು: ಉಂಟು ಮಾರಾಯ್ರೆ. ಹೈದರಾಬಾದಿನಲ್ಲಿ ತೆಲಂಗಾಣ ಚಳವಳಿ. ತವರು ಪಂದ್ಯ ನಾಗ್ಪುರ, ಕಟಕ್, ಡಿ.ವೈ. ಪಾಟೀಲ್ ಮೈದಾನದಲ್ಲಿ. ಒಂದು ತಂಡಕ್ಕೆ ಮೂರು ತವರು! ನನಗಿರುವುದು ಒಂದೇ, ಮೇ ತಿಂಗಳಲ್ಲಿ ಅದಕ್ಕೂ ರೈಲು ಟಿಕೆಟ್ ಸಿಗುವುದಿಲ್ಲ.

ಮಾಸ್ಟ್ರು: ಅದು ಅನಿವಾರ್ಯ. ಆರ್ಟ್ ಮೊಡೆಲ್ ಹಾಗಲ್ಲ. ಅಮೆರಿಕದ ಧಣಿ. ಕ್ಲೀವ್‌ಲ್ಯಾಂಡಿನ ಫುಟ್‌ಬಾಲ್ ತಂಡವನ್ನು 1996ರಲ್ಲಿ ಬಾಲ್ಟಿಮೋರಿಗೆ ಎತ್ತಿಕೊಂಡೇ ಹೋದ. ಆಟಗಾರರು ಹೋದರು, ಬ್ರೌನ್ಸ್ ಎಂಬ ಹೆಸರು, ಬಣ್ಣ, ದಾಖಲೆ ಹಳೇ ಊರಿಗೇ ಉಳಿದವು.

ಶೆಟ್ರು: ಇನ್ನೊಬ್ಬರದ್ದನ್ನು ಇಟ್ಟುಕೊಳ್ಳಲು ಬಾಲ್ಟಿಮೋರಿನವರಿಗೆ ನಾಚಿಕೆ ಆಗಲಿಲ್ವಾ?

ಮಾಸ್ಟ್ರು: ಅವರ ಕೋಲ್ಟ್ಸ್ ತಂಡವನ್ನು 1984ರಲ್ಲಿ ಬೇರೊಬ್ಬ ಧಣಿ ರಾತ್ರೋರಾತ್ರಿ ಲಾರಿಗೆ ತುಂಬಿಸಿ ಇಂಡಿಯಾನಾಪೊಲಿಸ್‌ಗೆ ಸಾಗಿಸಿದ್ದ. ಅವನಿಗೆ ಶಾಪ ಹಾಕಿದ ಬಾಯಲ್ಲೇ ಇವನಿಗೆ ಜೈಕಾರ. 2001ರಲ್ಲಿ ಸೂಪರ್ ಬೌಲೂ ಗೆದ್ದರು.

ಶೆಟ್ರು: ದೊಡ್ಡ ಮನುಷ್ಯ ಹಾಗಾದ್ರೆ.

ಮಾಸ್ಟ್ರು: ಬಾಲ್ಟಿಮೋರಿನಲ್ಲಿ! 2012ರಲ್ಲಿ ತೀರಿಕೊಂಡಾಗ, ಕ್ಲೀವ್‌ಲ್ಯಾಂಡಿನಲ್ಲಿ ಮೌನಾಚರಣೆ ಬೇಡ ಅಂತ ಮನೆಯವರೇ ಕೇಳಿಕೊಂಡರು.

ಶೆಟ್ರು: ಬುದ್ಧಿವಂತರು. ಅಲ್ಲಿ ಮೌನ ಎಲ್ಲಿಂದ ಸಿಗಬೇಕು?

ಮಾಸ್ಟ್ರು: ಅದಿರಲಿ, ನಿಮ್ಮ ಹೋಟೆಲು ಖಾರ್‌ಘರ್‌ಗೆ ಹೋಗ್ತದಂತೆ?

ಶೆಟ್ರು: ಬಾಡಿಗೆ ಜಾಸ್ತಿಯಾಯ್ತು. ಹೆದರಬೇಡಿ, ಹೆಸರು, ಬಣ್ಣ ಇಲ್ಲೇ ಬಿಡ್ತೇನೆ. ನಿಮ್ಮ ಬಾಕಿಯ ದಾಖಲೆ ಮಾತ್ರ ನನ್ನ ಜೊತೆ ಬರ್ತದೆ.