ಬೀರುವಿನೊಳಗಿನ ಗ್ಲೌಸ್‌ಗಳಿಗೆ ಬಹಿರಂಗ ಪತ್ರ

ಮಾನ್ಯ ರಬ್ಬರ್ ಗ್ಲೌಸ್‌ಗಳೇ,

ನಾವಿಲ್ಲಿ ಕ್ಷೇಮ. ನಿಮ್ಮ ಕ್ಷೇಮದ ಬಗ್ಗೆ ನನಗೆ ಅನುಮಾನವೇ ಇಲ್ಲ. ಬಳ್ಳಾರಿ ಬಿಸಿಲು ನಲವತ್ತು ದಾಟಿದಾಗಲೂ ನೀವು ಕರೆಂಟಿನ ಸೆಕ್ಷನ್ ಆಫೀಸಿನ ಬೀರುವಿನಲ್ಲಿ ಪೌಡರ್ ಬಳಿದುಕೊಂಡು ತಣ್ಣಗಿರುತ್ತೀರಿ. ಕುರುಗೋಡಿನ ಕಲ್ಲಿನ ದೊಡ್ಡಬಸವಣ್ಣನೂ ಕೂತಲ್ಲಿಂದ ಎದ್ದವನಲ್ಲ, ನಿಜ. ಆದರೆ ಕಂಬ ಹತ್ತುವ ಡ್ಯೂಟಿ ಅವನಿಗಿಲ್ಲ.

ಜೂನ್ ಕೊನೆಗೆ ವಿದ್ಯುತ್ ಸುರಕ್ಷತಾ ಸಪ್ತಾಹ ಬಂದರೆ ನಿಮ್ಮ ಉತ್ಸವ ಹೊರಡುತ್ತದೆ. ಬ್ಯಾನರ್ ಮುಂದೆ ಫೋಟೋ, ಒಗ್ಗರಣೆ-ಮಿರ್ಚಿ, ಚಹಾ. ಮತ್ತೆ ಬೀಗ.

ನಿಮ್ಮ ಯೋಗ್ಯತೆ ಸಣ್ಣದಲ್ಲ. ಎರಡನೇ ಕ್ಲಾಸಿನವರಾದರೆ 17,000 ವೋಲ್ಟ್ ತಡೆಯುತ್ತೀರಿ. ನಮ್ಮ ಟಿಸಿಗೆ (ಟ್ರಾನ್ಸ್‌ಫಾರ್ಮರಿಗೆ) ಬರುವುದು 11,000. ಕಂಬದ ಮೇಲಿರುವವನ ಯೋಗ್ಯತೆ? ಹತ್ತು ವ್ಯಾಟಿನ ಬಲ್ಬು ಎಳೆಯುವ ಕರೆಂಟು 40 ಮಿಲಿ ಆಂಪಿಯರ್ ಚಿಲ್ಲರೆ. ಅಷ್ಟು ಎದೆಯಲ್ಲಿ ಹರಿದರೆ ಗುಂಡಿಗೆಯ ತಾಳ ತಪ್ಪಬಹುದು.

ತಪ್ಪೆಲ್ಲ ನಿಮ್ಮ ಮೇಲೆ ಹೊರಿಸಲಾರೆ. ಸಿರುಗುಪ್ಪದ ಹತ್ತಿರ ನಮ್ಮ ಗದ್ದೆ ನಾಟಿ ಹೊತ್ತಿಗೇ ಮೋಟ್ರಿನ ಲೈನಿನ ಜಂಪ್ ತಂತಿ ಕಟ್ಟಾಯಿತು. ಬಂದ ಲೈನ್‌ಮನ್ ಹುಡುಗ ಎಲ್‌ಸಿ (ಲೈನ್ ಕ್ಲಿಯರ್ ಪರ್ಮಿಟ್) ತಗೋಬೇಕು, ಜಿಓಎಸ್ (ಲೈನ್ ಕಡಿಯುವ ಸ್ವಿಚ್) ಇಳಿಸಬೇಕು ಅಂದ. ನಾನೇ ಹೇಳಿದೆ: ‘ಇಷ್ಟಕ್ಕ ಎಲ್‌ಸಿ ಯಾಕೋ ತಮ್ಮಾ? ಎಲ್ಲಾರ ಮೋಟ್ರು ನಿಲ್ತಾವ, ಆಳು ಸುಮ್ನ ಕುಂತಾರ. ಒಂದ್ನಿಮಿಷದ ಕೆಲ್ಸ.’ ಹಿಡಿಗೆ ಸೈಕಲ್ ಟ್ಯೂಬು ಸುತ್ತಿದ್ದ ಕಟಿಂಗ್ ಪ್ಲೇಯರ್ ಕಚ್ಚಿಕೊಂಡು ಅವನು ಬರಿಗೈಲಿ ಹತ್ತಿದ. ತಂತಿ ತಾಗಿದಾಗ ಒಂದು ನೀಲಿ ಕಿಡಿ ಹಾರಿತು, ನಾನು ಛತ್ರಿ ಸರಿಸಿಕೊಂಡೆ. ಇಳಿದು ಬಂದ, ನನ್ನ ಪುಣ್ಯ. (ಅವನ ಪುಣ್ಯ ಅನ್ನಬೇಕಿತ್ತೇನೋ. ಆದರೆ ನೀರು ಬಂದದ್ದು ನನ್ನ ಗದ್ದೆಗೆ.)

ಕೇಂದ್ರ ವಿದ್ಯುತ್ ಪ್ರಾಧಿಕಾರದ 2023ರ ನಿಯಮಗಳು ಗ್ಲೌಸ್, ರಬ್ಬರ್ ಬೂಟು, ಬೆಲ್ಟು, ಹೆಲ್ಮೆಟ್, ಲೈನ್ ಟೆಸ್ಟರ್, ಅರ್ಥಿಂಗ್ ಸಾಮಾನು ಎಲ್ಲ ಕೊಡಬೇಕೆನ್ನುತ್ತವೆ. ಬೀರುವಿನ ಕೀ ಯಾರ ಜೇಬಿನಲ್ಲಿರಬೇಕು ಎಂದು ಬರೆಯಲು ಮರೆತರೇನೋ.

ಹಾಗಂತ ನೀವೊಬ್ಬರೇ ಬಂದರೂ ಸಾಲದು. ಲೈನ್ ಆಫ್ ಆಗಬೇಕು, ಆಫ್ ಆಗಿದೆಯೆಂದು ಟೆಸ್ಟ್ ಮಾಡಬೇಕು, ಕೆಲಸದ ಎರಡೂ ಕಡೆ ಅರ್ಥ್ ರಾಡ್ ಕಟ್ಟಬೇಕು. ಇಲ್ಲವಾದರೆ ಯಾವುದೋ ಮಿಲ್ಲಿನ ಜನರೇಟರ್ ಕರೆಂಟು ಟಿಸಿಯಲ್ಲಿ ಉಲ್ಟಾ ಹತ್ತಿ, ನಾನೂರು ಚಿಲ್ಲರೆ ವೋಲ್ಟ್ ಹನ್ನೊಂದು ಸಾವಿರವಾಗಿ, ಆಫ್ ಆಗಿದೆಯೆಂದು ನಂಬಿದವನ ಕೈಗೇ ಬರುತ್ತದೆ. ನೀವು ಕೂಡ ಹೊರಡುವ ಮುನ್ನ ಬಾಯಿ ಸುತ್ತಿ ಗಾಳಿ ಹಿಡಿಸಿಕೊಳ್ಳಿ. ಬೆರಳ ಸಂದಿಯಿಂದ ‘ಸುಂಯ್’ ಅಂದರೆ ನಿಮ್ಮ ಸರ್ವೀಸು ಮುಗಿದಿದೆ, ನಿವೃತ್ತಿ ಪಡೆಯಿರಿ.

ಓದುವವರಿಗೂ ಒಂದು ಮಾತು. ಜನರೇಟರ್ ಇದ್ದವರು ಚೇಂಜ್‌ಓವರ್ ಸ್ವಿಚ್ ಹಾಕಿಸಿ. ಕರೆಂಟಿನ ಸಹಾಯವಾಣಿ 1912ಕ್ಕೆ ಫೋನ್ ಮಾಡಿ ಕರೆಸಿಕೊಂಡವನಿಗೆ ‘ಲಗೂನ ಹತ್ತು’ ಅನ್ನಬೇಡಿ. ‘ಎಲ್‌ಸಿ ತಗೊಂಡಿಯೇನಪ್ಪಾ?’ ಅಂತ ಕೇಳಿ. ಮೋಟ್ರು ಅರ್ಧ ತಾಸು ನಿಲ್ಲಲಿ.

ಇತಿ,
ಹತ್ತು ಎಚ್‌ಪಿ ಒಳಗಿನ ಪಂಪ್‌ಸೆಟ್ಟಿನ, ಬಿಲ್ಲಿಲ್ಲದ ಗ್ರಾಹಕ